ಪತ್ರಿ ಗಿಡದ ಹಾಜರಿ

ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದ ಕೂಡಲೇ ನನ್ನ ಕಣ್ಣು ಹೋಗುವುದು ಹಾಲಿನ ಪಾಕೀಟುಗಳ ಕಡೆಗೆ. ಎರಡೂ ಇವೆಯೇ, ಯಾವುದಾದರೂ ಮೂಲೆಯಲ್ಲಿ ಜಿನುಗುತ್ತಿದೆಯೇ ಎಂದು ಒತ್ತಿ ನೋಡಿಯೇ ಒಳಗೆ ತರುವುದು. ಆ ಸೋಮವಾರವೂ ಒತ್ತಿ ನೋಡಿದೆ. ಬಾಗಿಲ ಹಿಡಿಕೆಗೆ ಒಂದು ಬಟ್ಟೆಯ ಚೀಲ ತೂಗುತ್ತಿತ್ತು. ಅದು ಶಾಂತಕ್ಕನ ಚೀಲ. ಅದನ್ನು ಒತ್ತಿ ನೋಡುವ ಪ್ರಶ್ನೆಯೇ ಇರಲಿಲ್ಲ.

ಶಾಂತಕ್ಕ ನಮ್ಮ ಎದುರು ಬಾಗಿಲಿನವರು. ಬಸವಕಲ್ಯಾಣದ ಕಡೆಯವರು; ನಾಸಿಕಕ್ಕೆ ಬಂದು ಮೂವತ್ತು ವರ್ಷವಾಯಿತು, ಪಂಚವಟಿಯಲ್ಲಿ ಅವರ ಯಜಮಾನರ ಬಟ್ಟೆ ಅಂಗಡಿ. ನಮ್ಮ ಕಟ್ಟಡದಲ್ಲಿ ಕನ್ನಡದ ಮನೆಗಳು ನಾಲ್ಕು. ಶ್ರಾವಣ ಬಂತೆಂದರೆ ನಾಲ್ಕೂ ಮನೆಗೆ ಸೋಮವಾರದ ಪತ್ರಿ ಹಂಚುವ ಕೆಲಸವನ್ನು ಅವರು ತಾವಾಗಿಯೇ ಹೊತ್ತುಕೊಂಡಿದ್ದಾರೆ. ಬೇರೆಯವರು ಬಿಲ್ವಪತ್ರೆ ಎನ್ನುವುದನ್ನು ಬೀದರ ಕಲಬುರಗಿಯ ನಾವು ಬರೀ ಪತ್ರಿ ಎನ್ನುತ್ತೇವೆ. ಎಷ್ಟೇ ಎತ್ತರದ ಮರವಾದರೂ ನಮಗೆ ಅದು ಗಿಡವೇ. ಉಳಿದ ಮೂರು ಮನೆಗೆ ಹನ್ನೊಂದು ಹನ್ನೊಂದು ಪತ್ರಿ. ನಮ್ಮ ಮನೆಗೆ ಮಾತ್ರ ಆ ಶ್ರಾವಣದಲ್ಲಿ ನೂರೆಂಟು. ನನ್ನದೊಂದು ಹರಕೆ ಇತ್ತು. ಯಾವ ಹರಕೆ ಎಂದು ಆಮೇಲೆ ಹೇಳುತ್ತೇನೆ, ಈಗಲೇ ಹೇಳಲು ಸ್ವಲ್ಪ ನಾಚಿಕೆ.

ಚೀಲದಲ್ಲಿ ಮೂರು ಕಟ್ಟು. ಒಂದೊಂದನ್ನೂ ಪ್ಲಾಸ್ಟಿಕ್ಕಿನ ಚಪ್ಪಟೆ ಎಳೆಯಿಂದ ಬಿಗಿದಿತ್ತು. ದನದ ಹಿಂಡಿಯ ಚೀಲ ಹಿಂಜಿದರೆ ಬರುತ್ತದಲ್ಲ, ಅಂಥ ಎಳೆ. ಬಿಳಿ, ಅಂಚಿಗೆ ತುಸು ಹಸಿರು. ಗಂಟು ಕತ್ತರಿಸದೆ ಉಗುರಿನಿಂದ ಬಿಡಿಸಿ, ಎಳೆಯನ್ನು ಡ್ರಾಯರಿನ ಉಂಡೆಗೆ ಸುತ್ತಿದೆ. ದಾರ ಎಸೆಯುವವರ ಮನೆ ಉದ್ಧಾರವಾಗುವುದಿಲ್ಲವೆಂದು ನಮ್ಮ ಅವ್ವ ನಂಬಿದ್ದಳು. ನನಗೆ ಅಷ್ಟು ನಂಬಿಕೆ ಇಲ್ಲ, ಆದರೆ ಕೈ ಸುತ್ತುತ್ತದೆ. ಆ ಉಂಡೆ ಈಗಲೂ ಅದೇ ಡ್ರಾಯರಿನಲ್ಲಿದೆ. ಚಮಚ ತೆಗೆಯಲು ಹೋದಾಗ ಕಣ್ಣಿಗೆ ಬಿದ್ದರೆ ಸಾಕು, ಆ ಸೋಮವಾರ ಎದ್ದು ಬಂದು ಎದುರು ನಿಲ್ಲುತ್ತದೆ.

ಪತ್ರಿ ತೊಳೆದು ತಟ್ಟೆಯಲ್ಲಿ ಹರಡಿ ಎಣಿಸುತ್ತ ಕೂತೆ. ಮೂರು ಎಲೆ ಸರಿಯಾಗಿರಬೇಕು, ಹರಿದಿರಬಾರದು, ಹುಳ ತಿಂದಿರಬಾರದು. ಶಾಂತಕ್ಕ ಕೊಡುವ ಪತ್ರಿಯಲ್ಲಿ ಅಂಥದ್ದು ಒಂದೂ ಸಿಗುವುದಿಲ್ಲ. ಓಝರಿನ ಕಾರ್ಖಾನೆಯ ಬಸ್ಸಿಗೆ ಕಾಯುತ್ತ ನಮ್ಮವರು ಚಹಾ ಕುಡಿಯುತ್ತಿದ್ದರು.

"ಎಷ್ಟಾತು?"

"ಎಣಿಸುವಾಗ ಮಾತಾಡಸಬ್ಯಾಡ್ರಿ. ಅರವತ್ತೇಳು."

"ಶಿವನೂ ಎಣಸ್ತಾನೇನು?"

"ಅವ ಎಣಸಂಗಿಲ್ಲ. ಅದಕ್ಕಽ ನಾ ಎಣಸ್ತೀನಿ."

ಅವರು ನಕ್ಕು ಬಸ್ಸಿಗೆ ಇಳಿದು ಹೋದರು. ನಾನು ಒಂದರಿಂದ ಮತ್ತೆ ಶುರು ಮಾಡಿದೆ.

ಸಂಶಯ ನಮ್ಮ ತವರಿನ ಬಳುವಳಿ. ಬೀದರಿನ ನಮ್ಮ ಮನೆಯಲ್ಲಿ ತುಪ್ಪದ ಗಾಜಿನ ಭರಣಿಗೆ ಅವ್ವ ಪೆನ್ಸಿಲಿನಿಂದ ಗೆರೆ ಎಳೆದಿಡುತ್ತಿದ್ದಳು. ಗೆರೆಯ ಕೆಳಗೆ ತುಪ್ಪ ಇಳಿದರೆ ವಿಚಾರಣೆ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ತುಪ್ಪ ತಿಂದು, ಗೆರೆಯನ್ನು ರಬ್ಬರಿನಿಂದ ಅಳಿಸಿ, ಕೆಳಗೆ ಇನ್ನೊಂದು ಎಳೆದಿಟ್ಟಿದ್ದೆ. ಅವ್ವ ಗೆರೆ ನೋಡಲಿಲ್ಲ, ನನ್ನ ಬೆರಳು ಮೂಸಿದಳು. ಅವತ್ತೇ ನಿರ್ಧಾರ ಮಾಡಿಬಿಟ್ಟಿರಬೇಕು ನಾನು, ಮೂಸುವವರ ಕಡೆ ಇರುವುದೇ ಲೇಸೆಂದು.

ಹಾಗಾಗಿ ನಮ್ಮ ಮನೆಗೆ ಪಾಕೀಟಿನ ಹಾಲು. ಮೊದಲು ದಿಂಡೋರಿ ರಸ್ತೆಯ ಕಡೆಯ ಹಳ್ಳಿಯಿಂದ ಬರುವ ಗೌಳಿ ನಮಗೂ ಹಾಕುತ್ತಿದ್ದ. ಒಂದು ಹನಿಯನ್ನು ಉಗುರಿನ ಮೇಲೆ ಬಿಟ್ಟೆ, ಇಳಿದು ಹೋಯಿತು. ಇನ್ನೊಂದನ್ನು ಕನ್ನಡಿಯ ಮೇಲೆ ಬಿಟ್ಟೆ, ಅದೂ ಇಳಿಯಿತು. ನಿಲ್ಲಿಸಿದೆ. ಶಾಂತಕ್ಕ ನಿಲ್ಲಿಸಲಿಲ್ಲ. "ನೀರ ಹಾಕಿದ್ರ ಹಾಕ್ಲಿ ಬಿಡ್ರಿ, ಗೋದಾವರಿದಽ ಅಲ್ಲೇನು," ಎಂದರು. ಅಂಥ ಮನುಷ್ಯರು ಅವರು. ಅವರ ಮನೆಯ ಬಾಗಿಲು ಮಧ್ಯಾಹ್ನವೂ ತೆರೆದೇ ಇರುತ್ತದೆ; ಅದನ್ನು ನೋಡಿ ನಾನು ನಮ್ಮದಕ್ಕೆ ಇನ್ನೊಂದು ಚಿಲಕ ಹಾಕುತ್ತೇನೆ.

ಇಷ್ಟು ಸಂಶಯ ಇದ್ದವಳಿಗೆ ಅದನ್ನು ಒಳ್ಳೆಯ ಕೆಲಸಕ್ಕೆ ಬಳಸುವ ಅವಕಾಶ ಸಿಕ್ಕಿತು ನೋಡಿ, ಮೂರು ವರ್ಷದ ಹಿಂದೆ. ಊರಾಚೆ ಒಂದು ಗುಡ್ಡವಿದೆ, ನಲವತ್ತು ಎಕರೆ ಕಾಡು: ಸಾಗವಾನಿ, ಮುತ್ತುಗ, ಖೈರ, ನಡುವೆ ಒಂದೊಂದು ಪತ್ರಿ ಗಿಡ. ಸರ್ಕಾರದ್ದಲ್ಲ, ಮಾಲತಿಬಾಯಿ ಎಂಬ ವಯಸ್ಸಾದ ಹೆಂಗಸಿನ ಸ್ವಂತದ್ದು. ಸುತ್ತ ದ್ರಾಕ್ಷಿ ತೋಟ, ಬಂಗಲೆ, ರಿಸಾರ್ಟು ಬರುತ್ತಿರುವಾಗ ಅವರು ಒಂದು ಸಂಸ್ಥೆಯ ಜೊತೆ ಕರಾರು ಮಾಡಿಕೊಂಡರು. ಕಾಡು ಅವರದೇ, ಆದರೆ ಕಡಿಯುವಂತಿಲ್ಲ, ಹಸಿ ಟೊಂಗೆ ಸಹ ಮುರಿಯುವಂತಿಲ್ಲ. ನಾಳೆ ಯಾರಿಗಾದರೂ ಮಾರಿದರೆ ಕೊಂಡವರೂ ಮುಟ್ಟುವಂತಿಲ್ಲ. ಇದೆಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಂಗಳಿಗೊಮ್ಮೆ ಹೋಗಿ ನೋಡಿಬರುವ ಸ್ವಯಂಸೇವಕರು ಬೇಕಾಗಿದ್ದರು. ವಾಚನಾಲಯದಲ್ಲಿ ಸಭೆ ಕರೆದು, "ಸಣ್ಣ ಸಣ್ಣದ್ದನ್ನು ಗಮನಿಸುವವರು ಬೇಕು," ಎಂದಾಗ ನನ್ನ ಕೈ ತಾನಾಗಿ ಮೇಲೆದ್ದಿತು.

ಮಾಲತಿಬಾಯಿ ಇರುವುದು ಛತ್ರಪತಿ ಸಂಭಾಜಿನಗರದಲ್ಲಿ. ಮೊದಲ ಸಲ ನಮ್ಮನ್ನೆಲ್ಲ ನೋಡಬೇಕೆಂದು ಅಲ್ಲಿಗೆ ಕರೆಸಿಕೊಂಡಿದ್ದರು. ವೈಜಾಪುರದಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಎಲ್ಲರೂ ಇಳಿದರು, ಚೀಲಗಳ ಮೇಲೆ ಕಣ್ಣಿಡಲು ನಾನೊಬ್ಬಳು ಒಳಗೇ ಕೂತಿದ್ದೆ ಎಂಬುದು ಇನ್ನೂ ನಮ್ಮ ಗುಂಪಿನ ತಮಾಷೆ. ಆ ಬಾಯಿ ನಮಗೆ ಪೋಹೆ ತಿನ್ನಿಸಿ, ಕರಾರಿನ ಕಾಗದ ಮುಂದಿಟ್ಟು, ಕನ್ನಡಕ ತೆಗೆದು ಹೇಳಿದರು: "ಮಾಝ್ಯಾವರ್ ಪಣ ಲಕ್ಷ ಠೇವಾ." ನನ್ನ ಮೇಲೂ ಕಣ್ಣಿಡಿ. ನನಗೂ ವಯಸ್ಸಾಯಿತು, ಮನಸ್ಸು ಬದಲಾದೀತು, ಯಾರಾದರೂ ಬಂದು ಏನಾದರೂ ಹೇಳಿಯಾರು. ತನ್ನನ್ನೇ ಸಂಶಯದಿಂದ ನೋಡಿ ಎಂದು ಕೇಳಿಕೊಂಡವರನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ಬರುವಾಗ ಬಸ್ಸಿನಲ್ಲಿ ಯೋಚಿಸಿದೆ, ಇಂಥವರ ಮನೆಯಲ್ಲಿ ತುಪ್ಪದ ಭರಣಿಗೆ ಗೆರೆ ಎಳೆಯುವವರು ಯಾರಿರಬಹುದು ಎಂದು.

ಕೆಲಸ ಕಷ್ಟದ್ದಲ್ಲ. ಗುಡ್ಡದಲ್ಲಿ ಹಳದಿ ಬಣ್ಣ ಬಳಿದ ಏಳು ಕಲ್ಲುಗಳಿವೆ. ಒಂದೊಂದರ ಹತ್ತಿರವೂ ನಿಂತು ನಾಲ್ಕು ದಿಕ್ಕಿಗೆ ಫೋಟೋ ತೆಗೆಯಬೇಕು. ಪ್ರತಿ ಸಲವೂ ಅದೇ ಕಲ್ಲು, ಅದೇ ದಿಕ್ಕು. ಹಳೆಯ ಫೋಟೋ ಪಕ್ಕಕ್ಕಿಟ್ಟು ನೋಡಿದರೆ ಏನು ಹೋಯಿತು, ಏನು ಬಂತು ಗೊತ್ತಾಗುತ್ತದೆ. ಆಮೇಲೆ ಮೊಬೈಲಿನಲ್ಲಿ ಒಂದು ಫಾರಂ ತುಂಬಬೇಕು. ಅದರ ನಿಯಮ ಒಂದೇ: ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ. ಕೊನೆಯಲ್ಲಿ 'ಅಭಿಪ್ರಾಯ' ಎಂಬ ಒಂದು ಚೌಕವಿದೆ, ಅದನ್ನು ಸಾಮಾನ್ಯವಾಗಿ ಎಲ್ಲರೂ ಖಾಲಿ ಬಿಡುತ್ತಾರೆ.

ಕ್ಯಾನ್ವಾಸ್ ಬೂಟು ಹಾಕಿಕೊಂಡು ಹೊರಟಾಗಲೆಲ್ಲ ಶಾಂತಕ್ಕ ಬಾಗಿಲಿಗೆ ಬಂದು, "ಹೊಂಟ್ರಿ ಕಾಡಿನ ಹಾಜರಿ ತಗೋಳಾಕ? ಯಾವ ಗಿಡ ಸಾಲಿ ತಪ್ಪಿಸ್ಯಾವ ನೋಡಿ ಬರ್ರಿ," ಎನ್ನುತ್ತಿದ್ದರು. ಯಾವ ಕಾಡು, ಎಲ್ಲಿಯದು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದರೆ ನಾಳೆ ನಾಲ್ಕು ಮನೆಯವರೂ ಡಬ್ಬಿ ಕಟ್ಟಿಕೊಂಡು ಬರುತ್ತೇವೆಂದಾರು ಎಂಬ ಭಯ.

ಹಾಜರಿ ಎಂದರೆ ನನಗೆ ಕಾನ್ವೆಂಟು ನೆನಪಾಗುತ್ತದೆ. ಏಳನೆಯ ಇಯತ್ತೆಯಲ್ಲಿ ನಾನು ಕ್ಲಾಸ್ ಲೀಡರ್. ಸಿಸ್ಟರ್ ಹೊರಗೆ ಹೋದಾಗ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಮಾತಾಡಿದವರ ಹೆಸರನ್ನು ಹಲಗೆಯ ಮೂಲೆಯಲ್ಲಿ ಬರೆಯುವುದು ನನ್ನ ಕೆಲಸ. ನನ್ನ ಪಕ್ಕದಲ್ಲೇ ಕೂಡುತ್ತಿದ್ದ ಜೀವದ ಗೆಳತಿ ಸುವರ್ಣಾ. ಲೀಡರ್ ಆದ ಮೊದಲ ದಿನವೇ ಹಿಂದಿನ ಬೆಂಚಿನವರು, "ಅಕಿ ಹೆಸರು ಬರೀತಾಳೇನು ನೋಡೋಣು," ಎಂದು ಗುಸುಗುಟ್ಟಿದರು. ನನಗೆ ಕಿವಿ ಬಿಸಿಯಾಯಿತು. ತಿರುಗಿ ನೋಡಿದೆ, ಸುವರ್ಣಾಳ ಬಾಯಿ ಆಡುತ್ತಿತ್ತು. ಎಲ್ಲರಿಗಿಂತ ಮೊದಲು ಅವಳ ಹೆಸರು ಬರೆದೆ, ದಪ್ಪ ಅಕ್ಷರದಲ್ಲಿ. ಸಿಸ್ಟರ್ ಬಂದು ಅವಳನ್ನು ಒಂದು ತಾಸು ಹೊರಗೆ ನಿಲ್ಲಿಸಿದರು. ನನ್ನ ತಲೆ ಸವರಿ, ಹೀಗೆ ಪಕ್ಷಪಾತವಿಲ್ಲದೆ ಇರಬೇಕು ಎಂದರು. ಸುವರ್ಣಾ ಏನೂ ಮಾತಾಡಿರಲಿಲ್ಲ. ಹುಣಸೆಹಣ್ಣು ಚೀಪುತ್ತಿದ್ದಳು. ಅದು ನನಗೆ ಗೊತ್ತಾದದ್ದು ಸಂಜೆ, ಅವಳು ನನಗಾಗಿ ಕಾಗದದಲ್ಲಿ ಸುತ್ತಿಟ್ಟಿದ್ದ ಅರ್ಧ ಭಾಗವನ್ನು ನನ್ನ ಕೈಯಲ್ಲಿಟ್ಟು ಮಾತಿಲ್ಲದೆ ಮನೆಗೆ ಹೋದಾಗ.

ಇರಲಿ, ಶರಣಪ್ಪನ ವಿಷಯಕ್ಕೆ ಬರುತ್ತೇನೆ. ನಮ್ಮ ಹಿಂದಿನ ಪ್ಲಾಟಿನಲ್ಲಿ ಕಟ್ಟಡ ಏಳುತ್ತಿದ್ದಾಗ ಅಲ್ಲಿ ಕೆಲಸಕ್ಕಿದ್ದವರು ಆಳಂದದ ಕಡೆಯ ಶರಣಪ್ಪ ಮತ್ತು ಅವನ ಹೆಂಡತಿ ನೀಲಮ್ಮ. ಒಂದು ದಿನ ನೀಲಮ್ಮ ಕೊಡ ಹಿಡಿದು ಬಂದು, ಮುರುಕು ಹಿಂದಿಯಲ್ಲಿ ನೀರು ಕೇಳಿದಳು. ನಾನು ಕನ್ನಡದಲ್ಲಿ, "ಒಳಗ ಬಾ," ಎಂದೆ. ಅವಳು ಕೊಡ ಕೆಳಗಿಟ್ಟು ಅಲ್ಲೇ ಅತ್ತುಬಿಟ್ಟಳು. ಇಟ್ಟಿಗೆ ಹೊತ್ತು ಶರಣಪ್ಪನ ಸೊಂಟ ಹೋಗಿತ್ತು. ಅದೇ ಹೊತ್ತಿಗೆ ಮಾಲತಿಬಾಯಿ ಗುಡ್ಡಕ್ಕೊಬ್ಬ ಕಾವಲುಗಾರ ಬೇಕೆಂದಿದ್ದರು. ನಾನೇ ಶಿಫಾರಸು ಮಾಡಿದೆ. ಗುಡ್ಡದ ಬುಡದಲ್ಲಿ ಎರಡು ಖೋಲಿಯ ಮನೆ, ಕೆಳಗಿನ ಹಳ್ಳಿಯ ಶಾಲೆಗೆ ಮಗಳು ಹೋಗತೊಡಗಿದಳು. ಊರು ಬಿಟ್ಟ ಮೇಲೆ ಒಂದೇ ಗೋಡೆಯನ್ನು ಎರಡು ವರ್ಷ ನೋಡಿದ್ದು ಇದೇ ಮೊದಲು ಎಂದು ನೀಲಮ್ಮ ಹೇಳುತ್ತಿದ್ದಳು.

ಆ ಸಲದ ಜ್ಯೇಷ್ಠದಲ್ಲಿ ನಾಲ್ಕನೆಯ ಕಲ್ಲಿನ ಫೋಟೋದಲ್ಲಿ ಒಂದು ವ್ಯತ್ಯಾಸ ಕಂಡಿತು. ಕಲ್ಲಿಗೆ ಎದುರಾಗಿ ಒಂದು ಪತ್ರಿ ಗಿಡ. ಅದರ ಕೆಳಗಿನ ಎಲೆಗಳು ತೆಳ್ಳಗಾಗಿದ್ದವು. ಫಾರಂ ತುಂಬಿದೆವು. ಆಷಾಢದಲ್ಲಿ ಕೈಗೆಟುಕುವ ಚಿಕ್ಕ ಕಡ್ಡಿಗಳೂ ಮುರಿದಿದ್ದವು. ಮತ್ತೆ ತುಂಬಿದೆವು. ಮಾಲತಿಬಾಯಿ ನನಗೆ ಫೋನು ಮಾಡಿದರು. ಧ್ವನಿ ಮೆತ್ತಗೇ ಇತ್ತು. ಕಾವಲು ಇದ್ದೂ ಹೀಗಾದರೆ ಕರಾರಿಗೆ ಅರ್ಥವೇನು, ಇನ್ನೊಂದು ಸಲ ಫಾರಂನಲ್ಲಿ ಕಾವಲಿನ ಮೇಲೆ ಮಾತು ಬಂದರೆ ಬೇರೆಯವರನ್ನು ನೋಡುತ್ತೇನೆ, ಎಂದರು. ನಮ್ಮ ಗುಂಪಿನ ದಾತಾರ್ ಸರ್, ನಿವೃತ್ತ ಭೂಗೋಳದ ಮೇಷ್ಟ್ರು, ಫೋನಿನ ವಿಷಯ ಕೇಳಿ ಗಂಟಲು ಸರಿಮಾಡಿಕೊಂಡು ಬೇರೆ ಕಡೆ ನೋಡಿದರು. ಶರಣಪ್ಪ ನನ್ನ ಶಿಫಾರಸಿನವನು ಎಂದು ಎಲ್ಲರಿಗೂ ಗೊತ್ತಿತ್ತಲ್ಲ.

ಈಗ ಹರಕೆ ಹೇಳುತ್ತೇನೆ. ಶ್ರಾವಣದ ನಾಲ್ಕು ಸೋಮವಾರ ನೂರೆಂಟು ನೂರೆಂಟು ಪತ್ರಿ ಏರಿಸುತ್ತೇನೆ, ಆ ಕಳ್ಳ ಸಿಕ್ಕಿಬೀಳಲಿ, ಎಂದು ಶಿವನಿಗೆ ಹೇಳಿಕೊಂಡಿದ್ದೆ. ಶಾಂತಕ್ಕನಿಗೆ ಕಾರಣ ಹೇಳಲಿಲ್ಲ. ನೂರೆಂಟು ಬೇಕೆಂದಷ್ಟೇ ಹೇಳಿದೆ. "ಆಗ್ಲಿ ತಗೋರಿ, ತರಸ್ತೀನಿ," ಎಂದರು.

ಶಿವನೊಬ್ಬನ ಮೇಲೆ ಬಿಟ್ಟು ಕೂಡುವವಳು ನಾನಲ್ಲ. ಪಂಚವಟಿಯ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಪತ್ರಿ ಮಾರುವವರನ್ನೆಲ್ಲ ಒಂದು ಸುತ್ತು ಹಾಕಿ ನೋಡಿದೆ. ಒಬ್ಬ ಮುದುಕಿಯ ಬುಟ್ಟಿಯ ಮುಂದೆ ಕೂತು, ಇದು ಎಲ್ಲಿಯದು, ಯಾವ ಗುಡ್ಡದ್ದು, ಯಾರು ಕಡಿದರು ಎಂದು ಮರಾಠಿಯಲ್ಲಿ ಕೇಳಿದೆ. ಅವಳು ಎಲೆಗೆ ನೀರು ಚಿಮುಕಿಸುತ್ತ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಬಾಯಿ, ದೇವರಿಗೆ ತಗೊಳ್ತೀಯೋ, ಇಲ್ಲ ದೇವರನ್ನ ಕೋರ್ಟಿಗೆ ಕರೀತೀಯೋ?" ಎಂದಳು. ಪಕ್ಕದ ಹೂವಿನವರು ನಕ್ಕರು. ಅವಳ ಮೇಲೆ ನನ್ನ ಸಂಶಯ ಒಂದು ವಾರ ಉಳಿದಿತ್ತು.

ಸಾಮಾನ್ಯವಾಗಿ ನಾವು ಗುಡ್ಡಕ್ಕೆ ಹೋಗುವುದು ಶನಿವಾರ. ಆ ಸಲ ಶನಿವಾರ ಮಳೆ ಹಿಡಿದು, ಸೋಮವಾರಕ್ಕೆ ಬಿತ್ತು. ಪೂಜೆ ಮುಗಿಸಿ, ನೂರೆಂಟು ಪತ್ರಿಯೂ ಲೆಕ್ಕ ತಪ್ಪದೆ ಏರಿದ ಸಮಾಧಾನದಲ್ಲಿ ದಾತಾರ್ ಸರ್ ಅವರ ಕಾರು ಹತ್ತಿದೆ. ಮೊದಲ ಮೂರು ಕಲ್ಲುಗಳಲ್ಲಿ ಎಲ್ಲ ಹಾಜರ್. ನಾಲ್ಕನೆಯದಕ್ಕೆ ಬಂದು ಮೊಬೈಲು ಎತ್ತಿದವಳು ಹಾಗೇ ಇಳಿಸಿದೆ.

ಪತ್ರಿ ಗಿಡದ ಒಂದು ಮಗ್ಗುಲು ಬೋಳಾಗಿತ್ತು. ಈ ಸಲ ಎಲೆಯಲ್ಲ, ಕಡ್ಡಿಯಲ್ಲ. ತೋಳು ದಪ್ಪದ ಟೊಂಗೆಗಳೇ ಹೋಗಿದ್ದವು. ಹತ್ತಿರ ಹೋಗಿ ನೋಡಿದೆ. ಕಡಿದ ಗುರುತು ಮೂರು. ಒಂದು ಒಣಗಿ ಕಂದಾಗಿತ್ತು, ಒಂದು ಹಳದಿಗೆ ತಿರುಗಿತ್ತು, ಒಂದು ಇನ್ನೂ ಹಸಿ, ಬೆರಳಿಟ್ಟರೆ ಅಂಟುತ್ತಿತ್ತು.

"ವಾರಕ್ಕೊಂದು," ಎಂದೆ. "ಕೊನೆಯದು ನಿನ್ನೆಯದು."

ದಾತಾರ್ ಸರ್ ಹುಬ್ಬೇರಿಸಿದರು. ನನಗೆ ನನ್ನ ಜಾಣತನದ ಬಗ್ಗೆ ಹೆಮ್ಮೆಯಾಯಿತು. ಕೆಳಗೆ ಹುಲ್ಲಿನಲ್ಲಿ ಏನೋ ಬಿಳಿಯದು ಮಿಂಚಿತು. ಬಗ್ಗಿ ಎತ್ತಿಕೊಂಡೆ. ಚಪ್ಪಟೆ ಪ್ಲಾಸ್ಟಿಕ್ ಎಳೆ, ಗೇಣುದ್ದ, ಅಂಚಿಗೆ ತುಸು ಹಸಿರು. ಪರ್ಸಿನಲ್ಲಿ ಹಾಕಿಕೊಂಡೆ. ಎಲ್ಲೋ ಕಂಡಂತಿದೆ ಎನಿಸಿತು. ಎಲ್ಲಿ ಎಂದು ಯೋಚಿಸುತ್ತ ಗುಡ್ಡ ಇಳಿದೆ. ಶರಣಪ್ಪನ ಮನೆಯ ಮುಂದೆ ಬಂದಾಗ ಉತ್ತರ ಸಿಕ್ಕಿತು: ಅವನ ಆಡನ್ನು ಗೂಟಕ್ಕೆ ಕಟ್ಟಿದ್ದು ಅಂಥದೇ ಎಳೆಗಳನ್ನು ಹೊಸೆದ ಹಗ್ಗದಿಂದ.

ಶರಣಪ್ಪ ಎದ್ದು ನಿಂತು ಕೈಮುಗಿದ. "ಬರ್ರಿ ಅಕ್ಕಾರ. ನೀಲೀ, ಚಾ ಇಡು."

"ಚಾ ಆಮ್ಯಾಲ. ನಾಲ್ಕನೇ ಕಲ್ಲಿನ ಪತ್ರಿ ಗಿಡ ನೋಡೀಯೇನು?"

ಅವನ ಮುಖ ಇಳಿಯಿತು. "ನೋಡೀನ್ರಿ. ಮುಂಜಾನೆ ನೋಡೀನಿ. ನಿನ್ನಿ ಐತವಾರ, ಸಂಜೀಕ ಸಂತೀಗಿ ಹೋಗಿದ್ವಿ. ಆವಾಗಽ ಆಗ್ಯಾದ."

"ಪ್ರತಿ ಐತವಾರ ನೀ ಸಂತೀಗಿ ಹೋದಾಗಽ ಆಗ್ತದೇನು?"

"ಹಂಗಽ ಕಾಣ್ತದ್ರಿ."

ನನ್ನ ಕಣ್ಣು ಅವನ ಹಿಂದೆ ಹೋಯಿತು. ಗೋಡೆಗೆ ಒಂದು ಉದ್ದನೆಯ ಬಿದಿರು ಗಳ ಒರಗಿತ್ತು. ತುದಿಗೆ ಕುಡುಗೋಲು ಬಿಗಿದಿತ್ತು.

"ಅದೇನು?"

"ಹ್ವಾದ ಐತವಾರ ಸಂತಿಂದ ಜಲ್ದಿ ಬಂದಿದ್ದೆ. ಒಬ್ಬಾವ ಕಡೀಲಕತ್ತಿದ್ದ. ಬೆನ್ನ ಹತ್ತಿದೆ. ಗಳಾ ಒಗೆದು ಓಡ್ಯಾನ. ಅದಽ ಇದು."

"ಯಾರವ?"

"ಮಾರಿಗಿ ವಲ್ಲಿ ಸುತ್ತಿದ್ದನ್ರಿ. ಕಾಣ್ಲಿಲ್ಲ."

"ಮತ್ತ ನಮಗ್ಯಾಕ ಹೇಳ್ಲಿಲ್ಲ?"

ಅವನು ಕಾಲ ಹೆಬ್ಬೆರಳಿನಿಂದ ಮಣ್ಣು ಕೆದರಿದ. "ಹೇಳಿದ್ರ ನನ್ ಮ್ಯಾಲಽ ಬರ್ತದಂತ ಅಂಜಿದೆ, ಅಕ್ಕಾರ."

ಮುಖ ಮುಚ್ಚಿದ ಕಳ್ಳ, ಓಡಿಹೋದ ಕಳ್ಳ, ಆಯುಧ ಬಿಟ್ಟು ಹೋದ ಕಳ್ಳ. ತುಪ್ಪ ತಿಂದ ದಿನ ನಾನೂ ಬೆಕ್ಕಿನ ಕಥೆ ಹೇಳಿದ್ದೆ. ನೀಲಮ್ಮ ಚಹಾ ತಂದಳು. ತೆಗೆದುಕೊಳ್ಳುವಾಗ ಒಳಗೆ ಇಣುಕಿದೆ. ಗೋಡೆಯ ಗೂಡಿನಲ್ಲಿ ಲಿಂಗದ ಚಿತ್ರ, ಅದರ ಮುಂದೆ ಒಂದು ಹಿಡಿ ಪತ್ರಿ.

"ಇವು ಎಲ್ಲಿವು ನೀಲಮ್ಮ?"

"ಗಿಡದ ಬುಡಕ ಬಿದ್ದಿದ್ವಲ್ರಿ. ಹೆಂಗೂ ಬಿದ್ದಾವ, ದೇವರಿಗರ ಆಗ್ಲಿ ಅಂತ ಆರಿಸ್ಕೊಂಡು ಬಂದೆ."

ನಾನು ಸಣ್ಣದ್ದನ್ನು ಗಮನಿಸುವವಳು, ಒಪ್ಪುತ್ತೇನೆ. ಆ ಪತ್ರಿಗಳಲ್ಲಿ ತೂತುಗಳಿದ್ದವು. ಕೆಲವು ಹರಿದಿದ್ದವು, ಒಂದಕ್ಕೆ ಎರಡೇ ಎಲೆ. ಕಡಿದವನು ಬೇಡವೆಂದು ಬಿಟ್ಟು ಹೋದಂಥವು. ಇದೆಲ್ಲ ನನಗೆ ಕಂಡಿತು. ಕಂಡದ್ದನ್ನು ಯಾವ ಕಡೆಗೆ ಸೇರಿಸಬೇಕೆಂದು ಮಾತ್ರ ಮೊದಲೇ ತೀರ್ಮಾನವಾಗಿತ್ತು.

ಕಾರಿನಲ್ಲಿ ಕೂತು ಫಾರಂ ತೆರೆದೆ. ಕಲ್ಲಿನ ನಂಬರು, ಫೋಟೋ, ಮೂರು ಟೊಂಗೆ. 'ಅಭಿಪ್ರಾಯ'ದ ಚೌಕದ ಹತ್ತಿರ ಬೆರಳು ನಿಂತಿತು.

ದಾತಾರ್ ಸರ್ ಸ್ಟೇರಿಂಗಿನ ಮೇಲೆ ಕೈಯಿಟ್ಟು ಮುಂದೆಯೇ ನೋಡುತ್ತ, "ಮಾಣೂಸ್ ತುಮ್ಚ್ಯಾ ಗಾವಾಚಾ, ವಹಿನಿ," ಎಂದರು. ನಿಮ್ಮೂರಿನ ಮನುಷ್ಯ. ಅಷ್ಟೇ. ಒಳ್ಳೆಯವರು ಅವರು, ಮುಲಾಜಿಗೆ ಸಿಕ್ಕಿಹಾಕಿಕೊಂಡಿದ್ದೀರಿ ಎಂದು ಮರುಕಪಟ್ಟೇ ಹೇಳಿದ್ದಿರಬೇಕು. ನನಗೆ ಹಿಂದಿನ ಬೆಂಚಿನ ಗುಸುಗುಸು ಕೇಳಿಸಿತು. ಕಿವಿ ಬಿಸಿಯಾಯಿತು.

ಬರೆದೆ: 'ಕಾವಲುಗಾರನ ಮಾತು ನಂಬುವಂತಿಲ್ಲ. ಕಡಿಯುವ ಗಳ ಅವನ ಮನೆಯಲ್ಲೇ ಇದೆ, ಪತ್ರಿಯೂ ಇದೆ. ಗಿಡದ ಬುಡದಲ್ಲಿ ಸಿಕ್ಕ ಎಳೆ ಅವನ ಆಡಿನ ಹಗ್ಗದ್ದೇ.' ಕಳಿಸಿದೆ. ರಾತ್ರಿ ಒಂಬತ್ತರ ತನಕ ತಿದ್ದಬಹುದು, ಆಮೇಲೆ ಮಾಲತಿಬಾಯಿಗೆ ಹೋಗುತ್ತದೆ, ಎಂದು ಮೊಬೈಲು ಎಂದಿನಂತೆ ತಿಳಿಸಿತು. ತಿದ್ದುವುದೇನೂ ಇರಲಿಲ್ಲ. ಮನೆಗೆ ಬಂದು ಒಪ್ಪತ್ತಿನ ಊಟ ಮಾಡಿ, ಒಂದು ತಾಸು ನಿದ್ದೆಯನ್ನೂ ಮಾಡಿದೆ. ಸುಳ್ಳು ಹೇಳುವುದಿಲ್ಲ, ಒಳ್ಳೆಯ ನಿದ್ದೆ ಬಂತು. ಮೂರನೆಯ ಸೋಮವಾರಕ್ಕೇ ಹರಕೆ ಫಲಿಸಿತಲ್ಲ.

ಸಂಜೆ ಏಳಕ್ಕೆ ಶಾಂತಕ್ಕ ಬಟ್ಟಲು ಹಿಡಿದು ಬಂದರು. "ಜರಾ ಹೆಪ್ಪು ಕೊಡ್ರಿ. ನಮ್ಮ ಮೊಸರು ಪೂರಾ ಖಾಲಿ ಆಗ್ಯಾದ."

ನಾನು ಡ್ರಾಯರು ಎಳೆದು ಚಮಚ ಹುಡುಕುತ್ತಿದ್ದೆ. ಅವರು ಅಡಿಗೆಕಟ್ಟೆಗೆ ಒರಗಿ ನಿಂತು, "ಬರೋ ಸೋಮಾರ ನೂರಾ ಎಂಟು ಆಗಂಗ ಕಾಣವಲ್ದುರಿ," ಎಂದರು.

"ಯಾಕ್ರಿ, ಪಂಚವಟಿಯೊಳಗ ಸಿಗವಲ್ದೇನು?"

"ಪಂಚವಟಿಯೊಳಗ ಯಾರ ತರ್ತಾರ್ರಿ, ಬಾಡಿದ್ದು ಕೊಡ್ತಾರ. ನಮ್ಮ ಗೌಳಿ ತಂದು ಕೊಡ್ತಾನಲ್ಲ, ಅವರ ಊರ ಮ್ಯಾಲಿನ ಗುಡ್ಡದಾಗಿಂದು. ಯಾರೋ ಬಾಯಿದು ಅದಂತ. ಹಳದಿ ಕಲ್ಲ ಹಚ್ಯಾರಂತ ನೋಡ್ರಿ ಅಲ್ಲಿ."

ಚಮಚ ಸಿಕ್ಕಿತ್ತು. ಅದರ ಪಕ್ಕದಲ್ಲಿ ಎಳೆಯ ಉಂಡೆ ಇತ್ತು. ಬಿಳಿ, ಅಂಚಿಗೆ ತುಸು ಹಸಿರು. ಎಮ್ಮೆ ಕಟ್ಟಿದವನ ಮನೆಯಲ್ಲಿ ಹಿಂಡಿಯ ಚೀಲ ಇರುತ್ತದೆಂದು ನನಗೆ ಯಾಕೆ ಹೊಳೆಯಲಿಲ್ಲವೋ.

"ಅಲ್ಲಿ ಕಾವಲಿನವ ಇಲ್ಲೇನ್ರಿ?" ಎಂದೆ.

"ಇದ್ದಾನ್ರೀ! ಭಾಳ ಖಡಕ್ ಇದ್ದಾನಂತ. ಹ್ವಾದ ವಾರ ಬಡಿಗಿ ಹಿಡಕೊಂಡು ಬೆನ್ನ ಹತ್ತಿದ್ನಂತ, ಇವ ಗಳಾನೂ ಅಲ್ಲೇ ಒಗೆದು ಓಡಿ ಬಂದಾನ. ಅದಕ್ಕಽ ಐತವಾರ ಅವರು ಸಂತೀಗಿ ಹೋಗೋ ಹೊತ್ತಽ ನೋಡ್ತಾನ. ಗಳಾ ಹ್ವಾತಲ್ಲ, ನಿನ್ನಿ ಪಾಪ ಗಿಡಾನಽ ಹತ್ಯಾನ. ಕೈ ತುಂಬ ಮುಳ್ಳ ಚುಚ್ಚಿಸ್ಕೊಂಡು ಬಂದಿದ್ದ."

ಅವರ ಬಟ್ಟಲಿಗೆ ಹೆಪ್ಪು ಹಾಕಿದೆ. ಒಂದು ಚಮಚ ಸಾಕಾಗಿತ್ತು, ಮೂರು ಹಾಕಿದ್ದೆ. ಗಡಿಯಾರ ನೋಡಿದೆ, ಏಳೂ ಕಾಲು. ಫ್ರಿಜ್ಜಿನ ಮೇಲಿನ ಮೊಬೈಲು ತೆಗೆದು ಫಾರಂ ತೆರೆದೆ. ಶರಣಪ್ಪನ ಮೇಲೆ ಬರೆದಿದ್ದ ಮೂರೂ ಸಾಲನ್ನು ಅಳಿಸಿದೆ. ಚೌಕ ಖಾಲಿಯಾಯಿತು. ಈ ಸಲ ಅದನ್ನು ಖಾಲಿ ಬಿಡುವಂತಿರಲಿಲ್ಲ. ಗಿಡದ ಟೊಂಗೆಗಳು ಎಲ್ಲಿಗೆ ಹೋದವು ಎಂದು ಬರೆಯಬೇಕಿತ್ತು, ಅವು ಯಾವ ಮನೆಯ ದೇವರ ಜಗಲಿಯ ಮೇಲೆ ಇನ್ನೂ ಬಾಡದೆ ಕೂತಿವೆ ಎಂದೂ. ಗೌಳಿಯ ಹೆಸರನ್ನು ಬರೆದು ಮುಗಿಸಿಬಿಡೋಣ ಎಂಬ ಯೋಚನೆ ಒಂದು ಗಳಿಗೆ ಬಂದದ್ದು ಹೌದು.

ಶಾಂತಕ್ಕ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ನನ್ನ ಮುಖ ನೋಡಿ ನಕ್ಕ ಹಾಗೆ ಮಾಡಿದರು.

"ಹಿಂಗ್ಯಾಕ ಮಾರಿ ಮಾಡೀರಿ? ಸಿಟ್ಟಾಗಬ್ಯಾಡ್ರಿ ಅವನ ಮ್ಯಾಲ. ಮೊದಲ ಅವ ಕೈಗೆ ಸಿಕ್ಕಷ್ಟಽ ಹರ್ಕೊಂಡು ಬರ್ತಿದ್ದ ಬಿಡ್ರಿ. ನಮ್ಮ ಎದುರಿನ ಮನೀ ಅಕ್ಕಾರಿಗಿ ನೂರಾ ಎಂಟು ಬೇಕಂತ ನಾ ಹೇಳಿದ ಮ್ಯಾಲಽ ಟೊಂಗಿ ಕಡೀಲಕತ್ತಾನ."